ಬಾಡಿಗೆಯ ರಾಣಿ

ಗಾವಡಗೆರೆ ಪಕ್ಕದ ಒಂದು ಹಳ್ಳಿಗೆ ನಾನು ಮೊದಲ ಸಲ ನಾಟಕದ ತಾಲೀಮಿಗೆ ಹೋದ ದಿನ, ಮಹಾರಾಜ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದ. ತೊಟ್ಟಿಯಲ್ಲಿ ಮುಖ ತೊಳೆದು, ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವೇನಾ ನಮ್ ರಾಣಿ? ಊಟ ಆಯ್ತಾ?” ಎಂದ. ಹೆಸರು ಕೇಳಲಿಲ್ಲ. ಮಹಾರಾಜನ ಪಾತ್ರ ಮಾಡುವುದಕ್ಕೆ ಅವನೇ ಊರಿನ ನಾಟಕ ಸಂಘಕ್ಕೆ ಹಣ ಕಟ್ಟಿದ್ದಾನೆಂದು ಆಮೇಲೆ ತಿಳಿಯಿತು. ಮಂತ್ರಿಯೂ ಕಟ್ಟಿದ್ದ, ಸೇನಾಪತಿಯೂ ಕಟ್ಟಿದ್ದ. ಎರಡೇ ಮಾತಿರುವ ದ್ವಾರಪಾಲಕನೂ ಕಟ್ಟಿದ್ದ.

ನಾನು ಗದಗಿನ ಕಡೆಯ ನಾಟಕ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಬಣ್ಣ ಹಚ್ಚಿದವಳು. ನಟಿಸಿದ್ದಕ್ಕೆ ಸಂಬಳ ಕೊಡುವವರನ್ನು ಕಂಡಿದ್ದೆ, ಸಂಬಳ ಕೊಡದೆ ಓಡಿಹೋದವರನ್ನೂ ಕಂಡಿದ್ದೆ. ನಟಿಸಲು ತಾನೇ ಹಣ ಕೊಡುವ ಮನುಷ್ಯನನ್ನು ಕಂಡದ್ದು ಇಲ್ಲೇ. ನಮಗೆ ಅಲ್ಲಿ ನಾಟಕವೆಂದರೆ ಹೊಟ್ಟೆಪಾಡು. ಇವರಿಗೆ ಇಲ್ಲಿ ಅದು ಆಸೆ. ಊರಿನ ಹೆಂಗಸರನ್ನು ಮಾತ್ರ ಯಾರೂ ರಂಗಕ್ಕೆ ಹತ್ತಿಸುವುದಿಲ್ಲ. ಅದಕ್ಕೇ ಇಡೀ ತಂಡದಲ್ಲಿ ಬಾಡಿಗೆಗೆ ಬಂದವಳು ನಾನೊಬ್ಬಳೇ.

ಕಂಪನಿ ಕೆ.ಆರ್. ನಗರದಲ್ಲಿ ಕ್ಯಾಂಪ್ ಹಾಕಿದ್ದಾಗ ಮಾಲೀಕರು ತೀರಿಕೊಂಡಿದ್ದರು. ಅವರ ಮಕ್ಕಳು ಬಂದು ಪರದೆ, ತಗಡು, ಕುರ್ಚಿಗಳನ್ನು ಲಾರಿಗೆ ಹೇರಿಸಿದರು. ಜೊತೆಗಿದ್ದ ಕಲಾವಿದರೆಲ್ಲ ತಮ್ಮ ತಮ್ಮ ಊರಿನ ಬಸ್ಸು ಹತ್ತಿದರು. ನಮ್ಮ ನಾಟಕಕ್ಕೆ ಆಗಾಗ ಹಾರ್ಮೋನಿಯಂ ನುಡಿಸಲು ಬರುತ್ತಿದ್ದ ರಾವಂದೂರಿನ ಪುಟ್ಟಸ್ವಾಮಿ ಮೇಷ್ಟ್ರು ನನ್ನನ್ನು ತಡೆದರು. “ಈ ಕಡೆ ಅಳ್ಳಿಅಳ್ಳಿಲೂ ನಾಟ್ಕ ಕಲೀತಾರೆ ಕಣಮ್ಮ. ಹೆಣ್ ಪಾತ್ರಕ್ಕೇ ಜನ ಸಿಕ್ಕಲ್ಲ. ಇಲ್ಲೇ ಇದ್ಬುಡಿ.” ಊರಲ್ಲಿ ನನಗಿದ್ದವಳು ತಂಗಿ ರೇಣವ್ವ ಒಬ್ಬಳು, ಅವಳೂ ಅತ್ತೆಯ ಮನೆಯಲ್ಲಿ. ಉಳಿದುಬಿಟ್ಟೆ.

ಹುಣಸೂರಿನಲ್ಲಿ ಮನೆ ಹುಡುಕಿದೆ. “ಏನ್ ಕೆಲ್ಸ?” ಎಂದು ಕೇಳುವ ತನಕ ಎಲ್ಲವೂ ಚೆನ್ನಾಗಿರುತ್ತಿತ್ತು. ನಾಟಕ ಎಂದ ಕೂಡಲೇ ಆ ಮನೆಗೆ ಬೇರೆ ಯಾರೋ ಮುಂಗಡ ಕೊಟ್ಟಿರುತ್ತಿದ್ದರು. ಕೊನೆಗೆ ಹೂವು ಮಾರುವ ಸಾಕಮ್ಮ ತನ್ನ ಮನೆಯ ಹಿಂದಿನ ಕೋಣೆ ಕೊಟ್ಟಳು. “ನಾಟ್ಕದೋಳಾದ್ರೇನು, ಮನ್ಸಳಲ್ವಾ? ಬಣ್ಣ ಹಚ್ಕಂಡು ಬೀದಿಲಿ ಬರ್ಬ್ಯಾಡಿ, ಅಷ್ಟೇಯ.” ಊರಲ್ಲಿ ನೀಲವ್ವ ಆಗಿದ್ದವಳನ್ನು ಅವಳೇ ನೀಲಮ್ಮ ಮಾಡಿದಳು.

ನಮ್ಮಲ್ಲಿ ರೊಟ್ಟಿಯನ್ನು ಕಟಕಟ ಅಗಿದು ತಿನ್ನುತ್ತೇವೆ. ಇಲ್ಲಿನ ರಾಗಿಮುದ್ದೆಯನ್ನೂ ಹಾಗೇ ಅಗಿದೆ, ಹಲ್ಲಿಗೆಲ್ಲ ಮೆತ್ತಿಕೊಂಡಿತು. “ಅಗೀಬ್ಯಾಡಿ, ಸಾರಲ್ಲಿ ಅದ್ಕಂಡು ನುಂಗ್ಬುಡಿ” ಎಂದು ಸಾಕಮ್ಮ ನಕ್ಕಳು. ನುಂಗುವುದನ್ನು ಕಲಿಯಲು ಒಂದು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಅರ್ಧ ಹೊಟ್ಟೆಯಲ್ಲೇ ರಾಣಿಯಾಗಿದ್ದೆ.

ಮಹಾರಾಜನ ನಿಜವಾದ ಹೆಸರು ಚಲುವಣ್ಣ. ಹೊಗೆಸೊಪ್ಪಿನ ಬೇಸಾಯದವನು. ದನಿ ಕಂಚಿನಂಥದು, ಆದರೆ ‘ಹ’ ಅಕ್ಷರ ಬಾಯಿಗೆ ಬಾರದು. “ಹೃದಯೇಶ್ವರಿ” ಎನ್ನಬೇಕಾದಲ್ಲಿ “ಉರುದಯೇಸ್ವರಿ” ಎನ್ನುತ್ತಿದ್ದ. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಉಸಿರು ಅಂಗೈಗೆ ಬಡಿಯುವಂತೆ ಹೇಳಲು ಕಲಿಸಿದೆ. ಹೊಲದಲ್ಲೂ ಅಂಗೈ ಅಡ್ಡ ಹಿಡಿದುಕೊಂಡೇ ಓಡಾಡುತ್ತಿದ್ದನಂತೆ. ನಾಟಕದ ದಿನ ಆ ಮಾತು ಹೂವಿನ ಹಾಗೆ ಬಂತು. ಮುಂದೆ ಕೂತಿದ್ದ ಅವನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗೆ ಬಂದವನು ಕಿರೀಟ ಕೈಯಲ್ಲಿ ಹಿಡಿದು, “ನಿಮ್ಮಿಂದ ನನ್ ಮಾನ ಉಳೀತು ಕಣ್ರೀ, ನೀಲಮ್ಮ” ಎಂದ.

ಎರಡು ದಿನ ಬಿಟ್ಟು ಹುಣಸೂರಿನ ಬಸ್ ನಿಲ್ದಾಣದಲ್ಲಿ ಅವನು ಹೆಂಡತಿಯ ಜೊತೆ ನಿಂತಿದ್ದ. ನಾನು ನಕ್ಕೆ. ಅವನು ನನ್ನ ಹಿಂದಿದ್ದ ಬಸ್ಸಿನ ಬೋರ್ಡು ಓದಿದ. ಕೋಪ ಬರಲಿಲ್ಲ. ನಾನೂ ತಿರುಗಿ ಅದೇ ಬೋರ್ಡು ಓದಿ ಬಸ್ಸು ಹತ್ತಿದೆ.

ಹಾಗೆ ಹನ್ನೊಂದು ವರ್ಷ. ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಎಲ್ಲೆಲ್ಲಿ ಕರೆದರೋ ಅಲ್ಲೆಲ್ಲ ಹೋದೆ. ಮೊದಲು ರಾಣಿ, ಮಂಡಿನೋವು ಹಿಡಿದುಕೊಂಡ ಮೇಲೆ ರಾಜಮಾತೆ. ಈ ವರ್ಷ ಪುಟ್ಟಸ್ವಾಮಿ ಮೇಷ್ಟ್ರು ಫೋನ್ ಮಾಡದೆ ತಾವೇ ಮನೆಗೆ ಬಂದರು. ಕೂತುಕೊಳ್ಳಲಿಲ್ಲ.

“ಮೈಸೂರಿಂದ ಒಬ್ಳು ಉಡ್ಗಿ ಬತ್ತಾಳಂತೆ ರಾಣಿ ಪಾತ್ರಕ್ಕೆ.”

“ಬರಲಿ. ರಾಜಮಾತೆ ನಾನಿದ್ದೇನಲ್ಲ?”

ಮೇಷ್ಟ್ರು ಚಪ್ಪಲಿ ನೋಡುತ್ತ ನಿಂತರು. “ಈಗೆಲ್ಲಾ ಕಡೆನೂ ಆ ಪಾತ್ರನೇ ತೆಗ್ದಾಕವ್ರೆ ಕಣಮ್ಮ. ನಾಟ್ಕ ಉದ್ದ ಆಯ್ತದಂತೆ, ಜನ ಕುಂತ್ಕಳಲ್ವಂತೆ. ನನ್ನನ್ನೂ ಇದೇ ಕೊನೆ ಸಲ ಕರೆಯೋದು ಅನ್ಸುತ್ತೆ.”

ನನ್ನ ಜಾಗಕ್ಕೆ ಬೇರೆಯವರು ಬಂದಿದ್ದರೆ ಬೈಯಬಹುದಿತ್ತು. ಜಾಗವನ್ನೇ ತೆಗೆದುಹಾಕಿದ್ದರು. ಯಾರನ್ನು ಬೈಯಲಿ? ಮೇಷ್ಟ್ರಿಗೆ ಚಹಾ ಮಾಡಿಕೊಟ್ಟೆ. ನಿಂತೇ ಕುಡಿದು ಹೋದರು.

ಈಗ ಹೊಗೆಸೊಪ್ಪಿನ ಹಂಗಾಮು. ಸಾಕಮ್ಮನ ಪರಿಚಯದವರ ಬ್ಯಾರನ್ನಿಗೆ, ಎಂದರೆ ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಎತ್ತರದ ಮನೆಗೆ, ಕೂಲಿಗೆ ಹೋಗುತ್ತಿದ್ದೇನೆ. ಹಸಿ ಎಲೆಗಳನ್ನು ಉದ್ದನೆಯ ಕೋಲಿಗೆ ದಾರದಿಂದ ಕಟ್ಟುವ ಕೆಲಸ. ಒಂದು ದಿನ ಜೊತೆಯ ಹೆಂಗಸರು, “ಒಂದ್ ಡೈಲಾಗ್ ಹೇಳಿ ನೀಲಮ್ಮ” ಎಂದು ಹಟ ಹಿಡಿದರು. ಎದ್ದು ನಿಂತೆ. ಸೆರಗು ಸರಿಮಾಡಿಕೊಂಡೆ. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ಮೂವತ್ತು ವರ್ಷದಲ್ಲಿ ಹೀಗೆಂದೂ ಆಗಿರಲಿಲ್ಲ. ಅವರು ಕಾದರು, ನಾನೂ ಕಾದೆ. ಕೊನೆಗೆ ಒಬ್ಬಳು, “ಬುಡಿ ಅತ್ಲಾಗೆ, ಮಳೆ ಬರಂಗದೆ, ಸೊಪ್ ಕಟ್ಟನ” ಎಂದಳು. ಅವಳದು ಕರುಣೆ. ಅದೇ ಹೆಚ್ಚು ನೋಯಿಸಿತು.

ಮೊನ್ನೆ ಅಲ್ಲಿ ಕೆಲಸ ಮಾಡುತ್ತಿರುವಾಗಲೇ ರೇಣವ್ವನ ಫೋನ್ ಬಂತು. “ಅಕ್ಕಾ, ಸಾಕ್ ಮಾಡು ಇನ್ನ. ಇಲ್ಲೇ ಬಾ. ನಮ್ಮ ಮನ್ಯಾಗ ಒಂದ್ ಮೂಲ್ಯಾಗ ಇರು.”

ಪ್ರೀತಿಯಿಂದಲೇ ಅಂದಳು. ಆದರೂ ಮೂಲೆ ಎಂಬ ಮಾತು ಚುಚ್ಚಿತು. “ಎಂಗ್ ಬರ್ಲಿ? ತಾಲೀಮ್ ನಡೀತಾ ಅದೆ ಕಣೇ” ಎಂದೆ.

ಸುಳ್ಳು ಗೊತ್ತಾಗುತ್ತದೇನೋ ಎಂದು ಹೆದರಿದೆ. ಅವಳಿಗೆ ಕೇಳಿಸಿದ್ದು ಬೇರೆ. “ನಿನ್ನ ಮಾತಽ ಬ್ಯಾರೆ ಆಗೇತಲ್ಲ. ನೀ ಅಲ್ಲೀಕಿನ ಆಗಿಬಿಟ್ಟಿ, ಅಕ್ಕಾ” ಎಂದು ಫೋನ್ ಇಟ್ಟಳು.

“ಯಾರ್ದು ಫೋನು?” ಎಂದು ಪಕ್ಕದವಳು ಕೇಳಿದಳು.

“ನಮ್ಮೂರಿಂದ.”

“ಯಾವೂರು ನಿಮ್ದು?”

ಹೇಳಿದೆ. ಆ ಹೆಸರನ್ನು ಅಲ್ಲಿ ಯಾರೂ ಕೇಳಿರಲಿಲ್ಲ. “ಓ, ಆ ಕಡೆನಾ” ಎಂದು ಅವಳು ದಾರ ಬಿಗಿದಳು. ನಾನು ಮುಂದಿನ ಎಲೆ ಎತ್ತಿಕೊಂಡೆ.