ಸವರಿದ ಜಿಬಿ, ತುಂಬಿದ ಜಿಬಿ

ನಾನು ಬರೆಯುವವಳು ಎಂದು ಶಿಕಾರಿಪುರದಲ್ಲಿ ಯಾರಿಗಾದರೂ ಹೇಳಿದರೆ, ಕತೆಯೋ ಕವನವೋ ಎಂದು ಕೇಳುತ್ತಾರೆ. ಎರಡೂ ಅಲ್ಲ, ಕಂಪ್ಯೂಟರ್ ತಂತ್ರಾಂಶಗಳ ಕೈಪಿಡಿ ಎಂದರೆ ಪಾಪ ಎನ್ನುವಂತೆ ನೋಡಿ ಮಾತು ಬದಲಿಸುತ್ತಾರೆ. ನನಗೇನೂ ಬೇಸರವಿಲ್ಲ. ಕೈಪಿಡಿಯನ್ನು ಯಾರೂ ಪ್ರೀತಿಯಿಂದ ಓದುವುದಿಲ್ಲ. ಏನೋ ಕೆಟ್ಟು ನಿಂತಾಗ ಸಿಟ್ಟಿನಲ್ಲಿ ಓದುತ್ತಾರೆ. ಸಿಟ್ಟಿನಲ್ಲಿರುವವರಿಗೆ ಸುತ್ತಿ ಬಳಸಿ ಹೇಳಬಾರದು ಎನ್ನುವುದು ಈ ಕೆಲಸ ನನಗೆ ಕಲಿಸಿದ ಮೊದಲ ಪಾಠ.

ನಾನು ಕನ್ನಡಕ್ಕೆ ತಂದ ಕೈಪಿಡಿಗಳಲ್ಲಿ ಒಂದು, ದೊಡ್ಡ ಕಂಪ್ಯೂಟರೊಂದನ್ನು ಹಲವು ಚಿಕ್ಕ ಕಂಪ್ಯೂಟರುಗಳಾಗಿ ಪಾಲು ಮಾಡುವ ತಂತ್ರಾಂಶದ್ದು. ಪಾಲು ಎಂದರೆ ಗರಗಸ ಹಿಡಿದು ಕೊಯ್ಯುವುದಲ್ಲ. ಇದ್ದಲ್ಲೇ ಇದ್ದುಕೊಂಡು, ಇಷ್ಟು ಮೆಮೊರಿ ನಿನಗೆ, ಇಷ್ಟು ಅವನಿಗೆ ಎಂದು ಹಂಚುವುದು. ಪಾಲು ಪಡೆದ ಪ್ರತಿಯೊಂದೂ ತಾನೇ ಒಂದು ಪೂರ್ತಿ ಕಂಪ್ಯೂಟರ್ ಎಂದು ನಂಬಿ ಕೆಲಸ ಮಾಡುತ್ತದೆ. ವರ್ಚುವಲ್ ಮಷೀನ್ ಎನ್ನುತ್ತಾರೆ. ಕೂಡುಕುಟುಂಬದಲ್ಲಿ ಬಾಳಿದ ನನಗೆ ಇದನ್ನು ಅರ್ಥ ಮಾಡಿಕೊಳ್ಳಲು ಕಷ್ಟವಾಗಲಿಲ್ಲ.

ನನ್ನ ನಾದಿನಿ ಸೊರಬದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳಲು ಸೇರಿದ್ದು ಆ ಕೈಪಿಡಿ ಮುಗಿದ ವರ್ಷ. ಮದುವೆ ಮುರಿದು ತವರಿಗೆ ಬಂದ ಮೇಲೆ ಅವಳು ನಮ್ಮ ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂರುತ್ತಿದ್ದಳು. ಅಲ್ಲಿ ಕೂತುಕೊಂಡೇ ನಿಂತುಹೋಗಿದ್ದ ಓದನ್ನು ಮುಗಿಸಿದಳು. ಬಂದವರೆಲ್ಲ ಸಕ್ಕರೆ ಕಟ್ಟಿಸಿಕೊಳ್ಳುತ್ತ ಅವಳ ಸಂಸಾರದ ವಿಷಯ ವಿಚಾರಿಸುತ್ತಿದ್ದರು. ಸೊರಬದಲ್ಲಿ ಯಾರೂ ಹಾಗೆ ಕೇಳುವುದಿಲ್ಲ, ಅಲ್ಲಿ ನಾನು ಬರೀ ಮೇಡಂ ಎಂದು ಅವಳು ನನ್ನೊಬ್ಬಳ ಹತ್ತಿರ ಹೇಳಿದ್ದಳು.

ಅತ್ತೆಗೆ ಮಾತ್ರ ಈ ಕೆಲಸ ಸುತರಾಂ ಇಷ್ಟವಿರಲಿಲ್ಲ. ಮಗಳು ದಿನಾ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ನೇತಾಡುವುದು, ಮನೆಯ ಅಂಗಡಿಯಲ್ಲಿ ಕೂಲಿಯವರನ್ನು ಕೂರಿಸುವುದು ಯಾವ ಚೆಂದ ಎನ್ನುವುದು ಅವರ ತಕರಾರು. ಅದು ಸಾಲದೆ ಬಂದಾಗ ಸೊರಬದ ಹತ್ತಿರದ ಕ್ಯಾಸನೂರನ್ನು ಎಳೆದು ತರುತ್ತಿದ್ದರು. ಆ ಸೀಮೆಯ ಕಾಡಿನಲ್ಲಿ ಉಣುಗು ಕಚ್ಚಿದರೆ ಮಂಗನ ಕಾಯಿಲೆ ಬರುತ್ತದಲ್ಲ, ಅದು ಇವರ ಅಸ್ತ್ರ. ಕಾಲೇಜು ಇರುವುದು ಪೇಟೆಯಲ್ಲಿ, ಉಣುಗು ಬಿ.ಎಸ್ಸಿ. ಓದಲು ಬರುವುದಿಲ್ಲ ಎಂದು ನಾನು ಒಮ್ಮೆ ಹೇಳಿ ಬೈಸಿಕೊಂಡೆ. ಕೊನೆಗೆ ಅಮ್ಮ ಮಗಳ ನಡುವೆ ಒಂದು ಒಪ್ಪಂದವಾಯಿತು. ಪ್ರಾಯೋಗಿಕ ಪರೀಕ್ಷೆಯ ಹೊತ್ತಿಗೆ ಲ್ಯಾಬ್ ನಡೆಯುವಂತಾದರೆ ಕೆಲಸ ಮುಂದುವರಿಯಲಿ. ಆಗದಿದ್ದರೆ ಅವಳು ಮಾತಿಲ್ಲದೆ ಗಲ್ಲಾಕ್ಕೆ ವಾಪಸ್.

ಪ್ರಾಂಶುಪಾಲರದ್ದೂ ಹೆಚ್ಚುಕಡಿಮೆ ಅದೇ ಮಾತು. ಲ್ಯಾಬಿನಲ್ಲಿ ಒಂದು ಒಳ್ಳೆಯ ದೊಡ್ಡ ಕಂಪ್ಯೂಟರ್ ಇತ್ತು. ಉಳಿದವು ಜೀವ ಹಿಡಿದುಕೊಂಡಿದ್ದ ಹಳೆಯ ಪೆಟ್ಟಿಗೆಗಳು. ದೊಡ್ಡದನ್ನು ಪಾಲು ಮಾಡಿ, ಹಳೆಯ ಪೆಟ್ಟಿಗೆಗಳ ಮುಂದೆ ಕೂತ ಪ್ರತಿ ವಿದ್ಯಾರ್ಥಿಗೂ ಒಂದೊಂದು ವರ್ಚುವಲ್ ಮಷೀನ್ ಸಿಗುವಂತೆ ಮಾಡುತ್ತೇನೆ ಎಂದು ನಾದಿನಿ ಒಪ್ಪಿಕೊಂಡಿದ್ದಳು. ಇಲ್ಲದಿದ್ದರೆ ಮಕ್ಕಳನ್ನು ಪರೀಕ್ಷೆಗೆ ಬೇರೆ ಊರಿಗೆ ಕಳಿಸಿ, ಲ್ಯಾಬನ್ನು ಆಟದ ಸಾಮಾನಿಡುವ ಕೋಣೆ ಮಾಡುವುದೆಂದು ಮಾತಾಗಿತ್ತು. ಅವಳು ನನ್ನ ಕೈಪಿಡಿಯನ್ನು ಮುದ್ರಿಸಿಕೊಂಡು ಹೋದಳು. ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ಪುಕುಪುಕು ಕೂಡ.

ಪುಕುಪುಕು ನಿಜವಾಯಿತು. ಒಂದು ಮಷೀನಿಗೆ ಎರಡು ಜಿಬಿ ಮೆಮೊರಿ ಬೇಕು ಎಂದು ಕೈಪಿಡಿ ಹೇಳುತ್ತದೆ. ಅವಳು ಸೆಟ್ಟಿಂಗಿನಲ್ಲಿ ಎರಡು ಜಿಬಿ ಎಂದೇ ಬರೆದಳು. ಮಷೀನು ಮೆಮೊರಿ ಸಾಲದು ಎಂದು ಹೇಳಿ ನಿಂತಿತು. ಎಲ್ಲವೂ ಹಾಗೇ ನಿಂತವು.

ಅವಳು ಆಮೇಲೆ ಮಾಡಿದ್ದು ಅಂಗಡಿ ಮನೆಯ ಮಗಳು ಮಾತ್ರ ಮಾಡುವ ಕೆಲಸ. ನಮ್ಮಲ್ಲಿ ಗಿರಾಕಿ ಮುಖ ಸಣ್ಣದು ಮಾಡಿದರೆ ತಕ್ಕಡಿ ನೋಡುವುದಿಲ್ಲ, ಒಂದು ಹಿಡಿ ಕೊಸರು ಹಾಕಿ ಕಳಿಸುತ್ತೇವೆ. ಅವಳೂ ಪ್ರತಿ ಮಷೀನಿಗೆ ಕಣ್ಣಂದಾಜಿನಲ್ಲಿ ಕೊಸರು ಹಾಕಿದಳು. ಮುಂದಿನ ಸಾಲುಗಳ ಮಷೀನುಗಳು ಖುಷಿಯಾಗಿ ಎದ್ದವು. ಹಿಂದಿನ ಸಾಲಿಗೆ ಬರುವಷ್ಟರಲ್ಲಿ ದೊಡ್ಡ ಕಂಪ್ಯೂಟರಿನ ಕಣಜವೇ ಬರಿದಾಗಿ, ಅವು ಕಣ್ಣೇ ಬಿಡಲಿಲ್ಲ. ಅದೇ ದಿನ ಪ್ರಾಂಶುಪಾಲರು ನೋಡಲು ಬಂದವರು ನೇರವಾಗಿ ಹೋಗಿ ಕೂತದ್ದು ಹಿಂದಿನ ಸಾಲಿನಲ್ಲಿ. ಪರೀಕ್ಷೆಗೆ ಇನ್ನು ಬಹಳ ದಿನವಿಲ್ಲ ಮೇಡಂ ಎಂದಷ್ಟೇ ಹೇಳಿ ಎದ್ದರಂತೆ.

ಆ ಭಾನುವಾರ ನನ್ನ ತವರಿಂದ ಅಕ್ಕಿ ಬಂತು. ಇಲ್ಲಿ ಎರಡು ಮನೆಗಳ ಹಳೆಯ ಮುನಿಸೊಂದನ್ನು ಹೇಳಬೇಕು. ನನ್ನ ತವರು ಸೊರಬದ ಹತ್ತಿರದ ಹಳ್ಳಿ. ನನ್ನ ಅಮ್ಮ ಗದ್ದೆಯ ಅಕ್ಕಿಯನ್ನು ಅಳೆದು, ಇಷ್ಟು ಸೇರು ಎಂದು ಫೋನಿನಲ್ಲಿ ಹೇಳಿ ಕಳಿಸುತ್ತಾರೆ. ನಮ್ಮ ಅತ್ತೆ ಅದನ್ನು ತಮ್ಮ ಸೇರಿನಲ್ಲಿ ಮತ್ತೆ ಅಳೆಯದೆ ಒಳಗಿಡುವುದಿಲ್ಲ. ಅಳೆದಾಗಲೆಲ್ಲ ಅಮ್ಮ ಹೇಳಿದ್ದಕ್ಕಿಂತ ಜಾಸ್ತಿಯೇ ಬರುತ್ತದೆ. ಪಾಪ, ಬೀಗತಿಗೆ ಲೆಕ್ಕ ಬರುವುದಿಲ್ಲ ಎಂದು ಅತ್ತೆ ತೀರ್ಮಾನಿಸಿದ್ದರು. ಇಲ್ಲಿಂದ ಅತ್ತೆ ಜೋಳವನ್ನೋ ಅಲಸಂದೆಯನ್ನೋ ಅಳೆದು ಕಳಿಸಿದರೆ ಅಮ್ಮನ ಸೇರಿನಲ್ಲಿ ಅದು ಯಾವಾಗಲೂ ಕಡಿಮೆ ಬೀಳುತ್ತಿತ್ತು. ಅವರ ಮನೆ ಕೈ ಸ್ವಲ್ಪ ಬಿಗಿ ಮಾರಾಯ್ತಿ ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಅಲಸಂದೆಗೇ ಹೋಗಿತ್ತು. ಮದುವೆಯಾದಾಗಿನಿಂದ ಇಬ್ಬರ ನಡುವೆ ಸಿಕ್ಕಿಕೊಂಡ ನಾನು, ಯಾರಿಗೂ ಏನೂ ಹೇಳದೆ ಎರಡೂ ಕಡೆ ತಲೆಯಾಡಿಸಿಕೊಂಡು ಬಂದಿದ್ದೆ.

ಅತ್ತೆ ಹಜಾರದಲ್ಲಿ ಗೋಣಿ ಹಾಸಿ ಅಕ್ಕಿ ಸುರಿದು ಅಳೆಯಲು ಕೂತರು. ಮೊದಲ ಸೇರಿಗೆ ಒಂದು ಎನ್ನುವ ಪದ್ಧತಿ ನಮ್ಮಲ್ಲಿಲ್ಲ, ಲಾಭ ಎನ್ನಬೇಕು. ಲಾಭ, ಎರಡು, ಮೂರು ಎಂದು ಎಣಿಸುತ್ತ, ಪ್ರತಿ ಸೇರನ್ನೂ ತುಂಬಿ, ಬಾಯಿಯ ಮಟ್ಟಕ್ಕೆ ಅಂಗೈಯಿಂದ ಸವರಿ, ಮೇಲಿನದ್ದನ್ನು ಕೆಳಗೆ ಬೀಳಿಸಿ ಸುರಿಯುತ್ತಿದ್ದರು. ನಾದಿನಿ ಬಾಗಿಲ ಹತ್ತಿರ ಫೋನು ಹಿಡಿದು ಕೂತಿದ್ದಳು. ಮಷೀನು ನಿಂತಾಗ ತೆರೆಯ ಮೇಲೆ ಬಂದ ಸಂದೇಶದ ಫೋಟೋವನ್ನು ನನಗೆ ತೋರಿಸಿದಳು.

"ಅತ್ತಿಗೆ, ನಾನು ಎರಡು ಜಿಬಿ ಕೊಟ್ಟೀನಿ. ಅದು ನೋಡಿದ್ರೆ ಸಾವಿರದ ಒಂಬೈನೂರ ಏಳು ಐತಿ, ಎರಡು ಸಾವಿರದ ನಲವತ್ತೆಂಟು ಬೇಕು ಅಂತೈತಿ. ನಾನು ಕೊಟ್ಟಿದ್ದು ನಡುವೆ ಎಲ್ಲಿಗೆ ಹೋತು? ನನ್ನ ಕೈಲಿ ಆಗಲ್ಲ ಅನ್ಸುತ್ತೆ ರೀ."

ಅತ್ತೆ ಕೇಳಿಸಿಕೊಂಡರು, ಎಣಿಕೆ ನಿಲ್ಲಿಸಲಿಲ್ಲ. ಅವರ ಅಂಗೈ ಸೇರಿನ ಮೇಲೆ ಹಾದು, ಗೋಪುರದ ಅಕ್ಕಿ ಗೋಣಿಯ ಮೇಲೆ ಜಾರಿತು. ನಾನು ಅದನ್ನೇ ನೋಡುತ್ತಿದ್ದೆ. ನನ್ನ ಅಮ್ಮ ಸೇರು ಅಳೆಯುವುದು ಹೀಗಲ್ಲ. ಅವರು ಸವರುವುದೇ ಇಲ್ಲ. ಇನ್ನೊಂದು ಕಾಳು ಇಟ್ಟರೆ ಜಾರಬೇಕು, ಅಲ್ಲಿಯವರೆಗೂ ಗೋಪುರ ಕಟ್ಟಿ, ಆಮೇಲೆ ಲಾಭ ಎನ್ನುತ್ತಾರೆ. ಇಬ್ಬರೂ ಹಿಡಿದದ್ದು ಒಂದೇ ಸೇರು, ಇಬ್ಬರೂ ಸುಳ್ಳು ಹೇಳಿದವರಲ್ಲ. ಇಷ್ಟು ವರ್ಷ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ನನಗೆ ಒಮ್ಮೆಲೇ ನಗುವೂ ಅಳುವೂ ಬಂತು.

ಮೆಮೊರಿಯ ಅಳತೆಯಲ್ಲಿ ಇರುವುದೂ ಇದೇ ತಕರಾರು. ಕಿಲೋ ಎಂದರೆ ಸಾವಿರ. ಆದರೆ ಕಂಪ್ಯೂಟರ್ ಎಣಿಸುವುದು ಎರಡು, ನಾಲ್ಕು, ಎಂಟು ಎಂದು ಇಮ್ಮಡಿಯಾಗುತ್ತ. ಹಾಗೆ ಹೋದರೆ ಸಾವಿರ ಸಿಗುವುದೇ ಇಲ್ಲ. ಸಾವಿರದ ಇಪ್ಪತ್ತನಾಲ್ಕು ಸಿಗುತ್ತದೆ. ಹಿಂದಿನವರು, ಹತ್ತಿರ ಹತ್ತಿರ ಒಂದೇ ಅಲ್ಲವೇ ಎಂದು ಅದನ್ನೂ ಕಿಲೋ ಎಂದೇ ಕರೆದುಬಿಟ್ಟರು. ಕಿಲೋದಲ್ಲಿ ಈ ಇಪ್ಪತ್ತನಾಲ್ಕರ ಕೊಸರು ಕಣ್ಣಿಗೆ ಕಾಣುವುದಿಲ್ಲ. ಮೆಗಾ, ಗಿಗಾ ಎಂದು ಮೇಲೆ ಹೋದಂತೆ ಅದು ಬೆಳೆಯುತ್ತ ಹೋಗುತ್ತದೆ. ಗೊಂದಲ ಬೇಡವೆಂದು ಆಮೇಲೆ ಸಾವಿರದ ಇಪ್ಪತ್ತನಾಲ್ಕರ ತುಂಬುಸೇರಿಗೆ ಗಿಬಿಬೈಟ್ ಎಂಬ ಬೇರೆ ಹೆಸರು ಇಟ್ಟರು. ಇಟ್ಟರೇನು ಬಂತು, ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. ಈ ತಂತ್ರಾಂಶದ ಮೂಲ ಕೈಪಿಡಿಯನ್ನು ಬರೆದ ಪುಣ್ಯಾತ್ಮರು ವಿವರಣೆಯಲ್ಲಿ ತುಂಬುಸೇರನ್ನು ಮನಸ್ಸಿನಲ್ಲಿಟ್ಟುಕೊಂಡು ಜಿಬಿ ಎಂದು ಬರೆದಿದ್ದರು. ಸೆಟ್ಟಿಂಗಿನಲ್ಲಿ ಅದೇ ಜಿಬಿ ಬರೆದರೆ ತಂತ್ರಾಂಶ ನಮ್ಮ ಅತ್ತೆಯ ಹಾಗೆ ಸವರಿಬಿಡುತ್ತಿತ್ತು. ತುಂಬಿದ ಎರಡು ಎಂದರೆ ಎರಡು ಸಾವಿರದ ನಲವತ್ತೆಂಟು, ಸವರಿದ ಎರಡು ಅದೇ ಅಳತೆಯಲ್ಲಿ ಸಾವಿರದ ಒಂಬೈನೂರ ಏಳು. ಇದೆಲ್ಲ ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದದ್ದು ಬೇಕಾದಾಗ ಕಣ್ಣೆದುರು ಬರಬೇಕಲ್ಲ. ಸೊರಬದ ಕಡೆಯವಳು ನಾನು; ಅಳತೆ ಎಂದರೆ ತುಂಬಿದ್ದೇ ಎಂದುಕೊಂಡು ಆ ವಾಕ್ಯವನ್ನು ಓದಿದ್ದೆ.

ನಾದಿನಿಯನ್ನು ಅಕ್ಕಿಯ ಮುಂದೆ ಕೂರಿಸಿ, ಇದು ಸೊರಬದ ಕಡೆ ನನ್ನ ಅಮ್ಮನ ಅಳತೆ ಎಂದು ಸೇರು ಒಮ್ಮೆ ತುಂಬಿ ತೋರಿಸಿದೆ, ಇದು ಅತ್ತೆಯದು ಎಂದು ಒಮ್ಮೆ ಸವರಿ ತೋರಿಸಿದೆ. ಅತ್ತೆ ಸೇರು ಕಿತ್ತುಕೊಂಡೆನೆಂದು ಗೊಣಗಿದರು. ನಾದಿನಿ ಅಕ್ಕಿಯನ್ನು ನೋಡಿದಳು, ಫೋನನ್ನು ನೋಡಿದಳು.

"ಹಂಗಾರೆ ನಾನು ಕೊಟ್ಟಿದ್ದು ಎಲ್ಲೂ ಹೋಗಿಲ್ಲ" ಎಂದಳು.

"ಎಲ್ಲೂ ಹೋಗಿಲ್ಲ. ನೀನು ಕೊಟ್ಟಿದ್ದು ಸವರಿದ್ದು, ಅದು ಕೇಳಿದ್ದು ತುಂಬಿದ್ದು."

ಸೋಮವಾರ ಅವಳು ಹೋಗಿ ಪ್ರತಿ ಸೆಟ್ಟಿಂಗಿನಲ್ಲೂ ಜಿಬಿಯನ್ನು ತೆಗೆದು ಗಿಬಿಬೈಟಿನ ಗುರುತು ಹಾಕಿದಳು, ಕಣ್ಣಂದಾಜಿನ ಕೊಸರನ್ನು ವಾಪಸ್ ಪಡೆದಳು. ಹಿಂದಿನ ಸಾಲಿನ ಕೊನೆಯ ಮಷೀನೂ ಎದ್ದಿತು. ಅದರ ಫೋಟೋ ತೆಗೆದು, ಏನನ್ನೂ ಬರೆಯದೆ ನನಗೆ ಕಳಿಸಿದಳು. ನಾನು ಅದನ್ನು ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ನೋಡಿ, ಟಿವಿ ಇದ್ದ ಹಾಗೆ ಐತಿ ಎಂದು ಫೋನು ವಾಪಸ್ ಕೊಟ್ಟರು.

ನನಗೆ ಕೈಪಿಡಿಯ ಮೇಲಿನ ಸಿಟ್ಟು ಇಳಿದಿರಲಿಲ್ಲ. ಮೂಲದ ಪುಟಕ್ಕೆ ಒಂದು ತಿದ್ದುಪಡಿ ಬರೆದು ಕಳಿಸಿದೆ: ಈ ಪುಟದಲ್ಲಿ ಜಿಬಿ ಎಂದರೆ ಸಾವಿರದ ಲೆಕ್ಕ, ಗಿಬಿಬೈಟ್ ಎಂದರೆ ಸಾವಿರದ ಇಪ್ಪತ್ತನಾಲ್ಕರ ಲೆಕ್ಕ, ಕೆಳಗಿನ ಎಲ್ಲ ಅಂಕಿಗಳೂ ಎರಡನೆಯದರಲ್ಲಿವೆ. ಉತ್ಸಾಹ ತಡೆಯದೆ ಅಕ್ಕಿಯ ಸೇರಿನ ಉದಾಹರಣೆಯನ್ನೂ ಸೇರಿಸಿದ್ದೆ. ಯಾವುದೋ ದೇಶದಲ್ಲಿ ಕೂತು ಪರಿಶೀಲಿಸುವವರೊಬ್ಬರು ಬಹಳ ವಿನಯದಿಂದ, ತಿದ್ದುಪಡಿ ಸರಿಯಿದೆ, ಅಕ್ಕಿ ಬೇಡ ಎಂದು ಬರೆದರು. ಇಂಗ್ಲಿಷಿನಿಂದ ಅಕ್ಕಿಯನ್ನು ತೆಗೆದೆ. ಕನ್ನಡದ ಪುಟವನ್ನು ಅಲ್ಲಿ ಓದಬಲ್ಲವರು ಯಾರೂ ಇಲ್ಲದ್ದರಿಂದ ನಮ್ಮ ಸೇರು ಅಲ್ಲಿ ಹಾಗೇ ಉಳಿದಿದೆ.

ಪರೀಕ್ಷೆ ಸೊರಬದಲ್ಲೇ ನಡೆಯಿತು. ಲ್ಯಾಬಿಗೆ ಬೀಗ ಬೀಳಲಿಲ್ಲ, ನಾದಿನಿಯನ್ನು ಮುಂದುವರಿಸುವುದಾಗಿ ಕಾಲೇಜಿನವರು ಹೇಳಿದರು. ಬಸ್ಸಿನ ಓಡಾಟ ಸಾಕೆಂದು ಅವಳು ಅಲ್ಲೇ ಒಂದು ಬಾಡಿಗೆ ಮನೆ ನೋಡಿಕೊಂಡಳು. ಅತ್ತೆ ತಡೆಯಲಿಲ್ಲ. ಒಪ್ಪಂದವನ್ನು ಮುರಿಯುವ ಹೆಂಗಸಲ್ಲ ಅವರು, ಆದರೆ ಮನಸ್ಸು ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ. ಮಗಳು ಮತ್ತೊಮ್ಮೆ ಮನೆ ಬಿಟ್ಟು ಹೋಗುತ್ತಿದ್ದಾಳೆ, ಮೊದಲ ಸಲ ಹೋದಾಗ ಆದದ್ದನ್ನು ಅವರು ಮರೆತಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಪಾತ್ರೆ, ಹಾಸಿಗೆ ಎಲ್ಲ ಕಟ್ಟಿಯಾಗಿತ್ತು. ಅತ್ತೆ ಒಳಗಿನಿಂದ ಸೇರು ತಂದು ಅಕ್ಕಿಯ ಡಬ್ಬಿಯ ಮುಂದೆ ಕೂತರು. ನಾದಿನಿ ಚೀಲದ ಬಾಯಿ ಅಗಲಿಸಿ ಹಿಡಿದಳು. ಅತ್ತೆ ಸೇರು ತುಂಬಿದರು, ಗೋಪುರ ಕಟ್ಟಿದರು, ಇನ್ನೂ ಒಂದು ಹಿಡಿ ಮೇಲೆ ಸುರಿದರು. ಆ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಸವರುವುದೇ ರೂಢಿ. ನಾದಿನಿಯ ಕೈ ತಾನಾಗಿ ಸವರಲು ಮುಂದೆ ಬಂತು. ಅತ್ತೆ ಆ ಕೈಯನ್ನು ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

"ಸವರಬ್ಯಾಡ" ಎಂದರು. "ನೀನು ಹೋಗೋ ಊರಾಗ ಅಳತಿ ಹಿಂಗೈತಿ."

ಆಮೇಲೆ ಲಾಭ ಎಂದು ಹೇಳಿ, ಚೀಲಕ್ಕೆ ಸುರಿದರು.