ಒಂಬತ್ತನೇ ನಂಬರಿನ ಕೂಗು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಗಾಳಿ, ಮಾಟ ಅಂತ ಯಾರಾದರೂ ಬಾಯಿ ತೆರೆದರೆ ನನಗೆ ಸಿಟ್ಟು ಬರುತ್ತಿತ್ತು. ಹುಕ್ಕೇರಿಯ ನಮ್ಮ ಮನೆಯಲ್ಲಿ ಅವ್ವ ಅಮಾವಾಸ್ಯೆಗೆ ಹೊಸ್ತಿಲ ಮೇಲೆ ಲಿಂಬೆಹಣ್ಣು ಇಟ್ಟರೆ, ಅದನ್ನೆತ್ತಿ ಪಾನಕ ಮಾಡಿಕೊಂಡು ಕುಡಿದವನು ನಾನು. ಬೈಸಿಕೊಂಡೆ ಖರೆ, ಹೊಟ್ಟೆಯೇನೂ ಕೆಡಲಿಲ್ಲ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು, ಬೇರೆಯವರು ಬರೆದಿದ್ದರೆ ನಾನೂ ನಗುತ್ತಿದ್ದೆ. ಇನ್ನೊಂದು, ಇದು ರಾತ್ರಿ ಹೊತ್ತು ನಡೆದದ್ದಲ್ಲ. ಹಾಡಹಗಲು, ಯುಗಾದಿ ಮುಂದಿನ ರಣಬಿಸಿಲಿನಲ್ಲಿ, ಹನ್ನೆರಡು ಜನ ಗಂಡಸರ ನಡುವೆ ನಡೆದದ್ದು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲೇ ಇತ್ತು. ನನಗೆ ಆಗ ತಾನೇ ಜಂಗಲ್ ಖಾತೆಯಲ್ಲಿ ಗಾರ್ಡ್ ಕೆಲಸ ಸಿಕ್ಕಿತ್ತು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೀಳುವ ಬೆಂಕಿಯನ್ನು ಆರಿಸುವುದು ಹೇಗೆಂದು ಕಲಿಯಲು ಹೊಸಬರನ್ನೆಲ್ಲ ಹದಿನೈದು ದಿನ ಗೋಕಾಕ ಫಾಲ್ಸಿಗೆ ಕಳಿಸಿದರು. ಮಳೆಗಾಲದಲ್ಲಿ ಜನ ಬುತ್ತಿ ಕಟ್ಟಿಕೊಂಡು ಧಬಧಬೆ ನೋಡಲು ಬರುವ ಊರು ಅದು. ನಾವು ಹೋದಾಗ ಅಷ್ಟು ದೊಡ್ಡ ಬಂಡೆಯ ಮೇಲಿಂದ ನೀರು ಆಕಳ ಬಾಲದಷ್ಟು ಸಣ್ಣಗೆ ಇಳಿಯುತ್ತಿತ್ತು. ಗುಡ್ಡದ ಹುಲ್ಲು ಮುಟ್ಟಿದರೆ ಪುಡಿಯಾಗುತ್ತಿತ್ತು. ಆದರೂ ಹೊಸ ನೌಕರಿಯ ಹುರುಪು ನೋಡಿ, ನಮಗೆ ಎಲ್ಲವೂ ಚೆಂದ ಕಾಣುತ್ತಿತ್ತು.

ಕಲಿಸುವವರು ಫೌಜಿನಲ್ಲಿದ್ದು ಬಂದ ಒಬ್ಬ ಜಮಾದಾರರು. ಹದಿನೈದು ದಿನ ಅವರು ಹೇಳಿಕೊಟ್ಟದ್ದು ಮುಖ್ಯವಾಗಿ ಎರಡೇ ಸಂಗತಿ. ಒಂದು, ಹಸಿ ಟೊಂಗೆಯನ್ನು ಬೆಂಕಿಯ ಮೇಲೆ ಒತ್ತಿ ಬದಿಗೆ ಎಳೆಯುವುದು. “ಬಡೀಬ್ಯಾಡ್ರೋ, ಒತ್ರಿ! ಬಡದ್ರ ಕಿಡಿ ಹಾರತಾವ” ಅಂತ ಗಂಟಲು ಹರಿದುಕೊಳ್ಳುತ್ತಿದ್ದರು. ನಾನು ಎಡಚ. ಎಲ್ಲರ ಟೊಂಗೆ ಒಂದು ಕಡೆ ಎಳೆದರೆ ನನ್ನದು ಇನ್ನೊಂದು ಕಡೆ ಎಳೆಯುತ್ತಿತ್ತು. “ಏ ಎಡಚಾ, ನೆಲದ ಮ್ಯಾಲಿನ ಬೂದಿ ನೋಡಿದ್ರ ಸಾಕು, ಇದು ನಿಂದ ಕೆಲಸ ಅಂತ ತಿಳೀತೈತಿ” ಅಂತ ಅವರು ಚೇಷ್ಟೆ ಮಾಡಿದರೆ ಎಲ್ಲರೂ ನಗುತ್ತಿದ್ದರು. ಈ ಮಾತು ನೆನಪಿಡಿ.

ಎರಡನೆಯದು ಎಣಿಕೆ. ಬೆಂಕಿಯ ಮುಂದೆ ಸಾಲಾಗಿ ನಿಂತಾಗ ಹೊಗೆಯಲ್ಲಿ ಪಕ್ಕದವನೂ ಕಾಣುವುದಿಲ್ಲ. ಅದಕ್ಕೇ ಒಬ್ಬೊಬ್ಬರಿಗೂ ಒಂದು ನಂಬರು. ಜಮಾದಾರರು ಸೀಟಿ ಊದಿದ ಕೂಡಲೇ ಒಂದರಿಂದ ಹನ್ನೆರಡರವರೆಗೆ ಎಲ್ಲರೂ ಸರದಿಯಂತೆ ಕೂಗಬೇಕು. ನಡುವೆ ಒಂದು ನಂಬರು ಬಾರದಿದ್ದರೆ ಆ ಮನುಷ್ಯ ಬಿದ್ದಿದ್ದಾನೆ, ಅಲ್ಲಿ ಬೆಂಕಿ ಸಾಲು ದಾಟಿದೆ ಎಂದೇ ಅರ್ಥ. ಆಗ ಉಳಿದವರೆಲ್ಲ ಹಿಂದೆ ನೋಡದೆ ಸಾಲು ಬಿಟ್ಟು ಹಳ್ಳಕ್ಕೆ ಇಳಿಯಬೇಕು. ನನ್ನ ನಂಬರು ಒಂಬತ್ತು. ಎಂಟು ಹತ್ತರಗಿಯ ಲಗಮಣ್ಣ ಕಾಕಾನದು. ವಯಸ್ಸಿನಲ್ಲಿ ನಮಗೆಲ್ಲ ಹಿರಿಯ. ಹತ್ತು ಮೂಡಲಗಿಯ ಜಿನ್ನಪ್ಪನದು. ಜೈನರ ಹುಡುಗ, ನನ್ನ ವಾರಿಗೆಯವನು. ಸಿಟ್ಟು ಬಂದರೆ ಮರಾಠಿಯಲ್ಲಿ ಬೈಯುವವನು.

ಕೊನೆಯ ದಿನ ಗುಡ್ಡದ ಬುಡದಲ್ಲಿ ಒಂದು ತುಂಡು ಹುಲ್ಲುನೆಲಕ್ಕೆ ಬೆಂಕಿ ಕೊಟ್ಟು ಆರಿಸುವ ಪರೀಕ್ಷೆ ಇತ್ತು. ಗುಡ್ಡದ ನಡುವಿನ ಮಟ್ಟಸದಲ್ಲಿ ಕುರುಬರ ಒಂದು ಕುರಿದಡ್ಡಿ. ಮುಂಜಾನೆ ಟೊಂಗೆ ಕಡಿಯಲು ಹೋದಾಗ ನಾನು ಅಲ್ಲಿ ನೀರು ಕೇಳಿದ್ದೆ. ಗಂಡಸರು ಕುರಿ ಹೊಡೆದುಕೊಂಡು ಧುಪದಾಳದ ಕಡೆ ನೀರಿಗೆ ಹೋಗಿದ್ದರು. ಇದ್ದವರು ಒಬ್ಬಳು ಹಸಿ ಬಾಣಂತಿ, ಅವಳ ಕೂಸು, ಕಣ್ಣು ಕಾಣದ ಅತ್ತೆ. ಬೋರಲು ಹಾಕಿದ ಬುಟ್ಟಿಗಳ ಕೆಳಗೆ ಎಳೆಯ ಮರಿಗಳು ಒದರುತ್ತಿದ್ದವು. ಬಾಣಂತಿ ನೀರಿನ ಬದಲು ಮಜ್ಜಿಗೆಯನ್ನೇ ಕೊಟ್ಟಳು.

ಮಧ್ಯಾಹ್ನ ಗಾಳಿ ತಿರುಗಿತು. ಅಂಗಳದಷ್ಟಿದ್ದ ಬೆಂಕಿ ನೋಡನೋಡುತ್ತಿದ್ದಂತೆ ಗುಡ್ಡ ಹತ್ತತೊಡಗಿತು. ಆ ಬಾಣಂತಿಯನ್ನೂ ಮುದುಕಿಯನ್ನೂ ಹೊತ್ತು ತರುವಷ್ಟು ವೇಳೆ ಇರಲಿಲ್ಲ. ಜಮಾದಾರರು ನಮ್ಮನ್ನು ಓಡಿಸಿಕೊಂಡು ಹೋಗಿ ದಡ್ಡಿಯ ಕೆಳಗೆ, ಬೆಂಕಿಗೆ ಅಡ್ಡವಾಗಿ ಸಾಲು ನಿಲ್ಲಿಸಿದರು. “ಇಲ್ಲೇ ನಿಂದ್ರಸಬೇಕು. ಮ್ಯಾಲ ಕೂಸು ಐತಿ” ಅಂದರು. ಅಷ್ಟೇ.

ಮೊದಲ ಎಣಿಕೆಗೆ ಗಟ್ಟಿಯಾಗಿ ಕೂಗಿದೆ. ಎರಡನೆಯದಕ್ಕೂ ಕೂಗಿದೆ. ಆಮೇಲೆ ಆಳೆತ್ತರದ ಒಂದು ಜ್ವಾಲೆ ಸೊಂಯ್ ಅಂತ ನನ್ನ ಮುಖಕ್ಕೇ ಬಂತು. ಹುಬ್ಬು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನಾನು ಟೊಂಗೆ ಬಿಸಾಕಿ ಓಡಿದೆ. ಇದಕ್ಕೆ ಬೇರೆ ಹೆಸರಿಲ್ಲ, ಪುಕ್ಕಲುತನ. ಮಜ್ಜಿಗೆ ಕೊಟ್ಟವಳು ಮೇಲಿದ್ದಾಳೆ ಎಂದು ಗೊತ್ತಿತ್ತು, ಗೊತ್ತಿದ್ದೇ ಓಡಿದೆ. ಹಿಂದಿನ ಒಣ ಹಳ್ಳಕ್ಕೆ ಉರುಳಿ ಬಿದ್ದೆ. ಮೊಳಕಾಲಿಗೆ ಜಾಲಿಮುಳ್ಳು ಹೊಕ್ಕಿತು. ಉಸುಕಿನಲ್ಲಿ ಮುಖ ಹುಗಿದು ನಾಯಿಯಂತೆ ತೇಕುತ್ತ ಮಲಗಿದೆ.

ಆಗ ಮೇಲೆ ಸೀಟಿ ಕೇಳಿತು.

ಒಂದು, ಎರಡು, ಮೂರು... ಕೂಗು ಸಾಲಿನಗುಂಟ ಬರತೊಡಗಿತು. ಅಯ್ಯೋ, ಈಗ ನನ್ನ ನಂಬರು ತಪ್ಪುತ್ತದೆ, ಎಲ್ಲರೂ ಸಾಲು ಬಿಡುತ್ತಾರೆ, ದಡ್ಡಿ ಹೋಯಿತು, ಆ ಕೂಸು ಹೋಯಿತು! ಹಳ್ಳದಿಂದಲೇ ಕೂಗಿಬಿಡೋಣವೆಂದು ಬಾಯಿ ತೆರೆದೆ. ಗಂಟಲಿಂದ ಉಸಿರು ಬಿಟ್ಟರೆ ಬೇರೇನೂ ಬರಲಿಲ್ಲ. ಲಗಮಣ್ಣ ಕಾಕಾ “ಎಂಟು” ಅಂದ.

“ಒಂಬತ್ತು!”

ನಾನು ಬಿಟ್ಟು ಬಂದ ಜಾಗದಿಂದಲೇ ಬಂತು. ನನ್ನದೇ ದನಿ. ಕೊನೆಗೆ ಸ್ವಲ್ಪ ಒಡೆಯುವ, ನನಗೇ ನಾಚಿಕೆ ಬರಿಸುವ ದನಿ. ಅದರ ಬೆನ್ನಿಗೇ ಜಿನ್ನಪ್ಪನ “ಹತ್ತು”. ಇನ್ನೆರಡು ಸಲ ಸೀಟಿ ಆಯಿತು, ಎರಡು ಸಲವೂ ಅದೇ ದನಿ ನನ್ನ ನಂಬರು ಕೂಗಿತು. ಬೆಂಕಿಗೆ ಹೆದರಿ ಓಡಿದ್ದ ನನಗೆ ಈಗ ಹಳ್ಳದಲ್ಲಿ ಮಲಗಿರಲು ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಎದ್ದು, ಕುಂಟುತ್ತ ಮೇಲೆ ಹತ್ತಿದೆ.

ಹೋಗುವಷ್ಟರಲ್ಲಿ ಬೆಂಕಿ ಸತ್ತಿತ್ತು. ನನ್ನ ಜಾಗದಲ್ಲಿ ಯಾರೂ ಇರಲಿಲ್ಲ. ನನ್ನ ಟೊಂಗೆ ಬಿದ್ದಿತ್ತು. ಹಸಿ ಎಲೆಗಳೊಂದಿಗೆ ಬಿಸಾಕಿದ್ದು, ಈಗ ಒಂದೆಲೆಯೂ ಇಲ್ಲದೆ ಹಿಡಿಯವರೆಗೆ ಕರಿಯಾಗಿತ್ತು. ನೆಲ ನೋಡಿದೆ. ಲಗಮಣ್ಣ ಕಾಕಾನ ಕಡೆಯ ಬೂದಿ ಬಲಗೈಯವರು ಎಳೆದ ಹಾಗಿತ್ತು, ಜಿನ್ನಪ್ಪನ ಕಡೆಯದೂ ಹಾಗೇ. ನಡುವೆ ನನ್ನ ಹತ್ತು ಮಾರು ಜಾಗದಲ್ಲಿ ಮಾತ್ರ ಬೂದಿಯ ಗೀರುಗಳು ಉಲ್ಟಾ ಹೋಗಿದ್ದವು. ಟೊಂಗೆ ಕೈಗೆತ್ತಿಕೊಂಡು ನನ್ನ ಜಾಗದಲ್ಲಿ ನಿಂತೆ.

ಜಮಾದಾರರು ಸಾಲು ನೋಡುತ್ತ ಬಂದರು. ಬೂದಿ ನೋಡಿ ನನ್ನ ಬೆನ್ನು ತಟ್ಟಿದರು. “ಶಾಬ್ಬಾಸ್ ಎಡಚಾ! ಬೆಂಕಿ ಜೋರಿದ್ದದ್ದ ಇಲ್ಲಿ.” ಮೇಲಿನಿಂದ ಬಾಣಂತಿ ಮಜ್ಜಿಗೆಯ ಗಡಿಗೆ ಹಿಡಿದು ಬಂದಳು, ಕೂಸನ್ನು ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡಿದ್ದಳು. ಅಷ್ಟು ಜನರಲ್ಲಿ ಮೊದಲು ನನ್ನ ಹತ್ತಿರವೇ ಬಂದಳು. “ಕುಡೀರಿ ಅಣ್ಣಾ. ಹೊಗಿಯೊಳಗ ನೀವೊಬ್ರ ಕಾಣಾಕತ್ತಿದ್ರಿ. ನೀವು ನಿಂತೀರಂತ ನಾನೂ ಓಡಲಿಲ್ಲ” ಅಂದಳು. ಗಡಿಗೆ ಇಸಿದುಕೊಂಡು ಜಿನ್ನಪ್ಪನ ಕೈಗೆ ಕೊಟ್ಟೆ.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನೌಕರಿ ಹೋಗುತ್ತದೆಂಬ ಅಂಜಿಕೆ ಒಂದು ಕಡೆ, ಶಾಬ್ಬಾಸ್ ಅನ್ನಿಸಿಕೊಂಡ ರುಚಿ ಇನ್ನೊಂದು ಕಡೆ. ಸಂಜೆ ರೊಟ್ಟಿ ತಿನ್ನುವಾಗ ಲಗಮಣ್ಣ ಕಾಕಾನನ್ನು ಮೆಲ್ಲಗೆ ಕೇಳಿದೆ: “ಕಾಕಾ, ನನ್ನ ನಂಬರ ನೀವೇನರ ಕೂಗಿದ್ರೇನು?” ಅವನು ನನ್ನ ಮುಖವನ್ನೇ ನೋಡಿದ. “ನನ್ನ ಜಾಗಾನ ನನಗ ಹೆಚ್ಚಾಗಿತ್ತು ತಮ್ಮಾ. ನಿಂದ್ಯಾಕ ಕೂಗಲಿ?” ಅಂದು ಉಳ್ಳಾಗಡ್ಡಿ ಜಜ್ಜತೊಡಗಿದ.

ಹತ್ತು ವರ್ಷವಾದ ಮೇಲೆ ಘಟಪ್ರಭಾ ಸ್ಟೇಷನ್ನಿನಲ್ಲಿ ಜಿನ್ನಪ್ಪ ಸಿಕ್ಕ. ಚಹಾ ಕುಡಿಯುತ್ತ, ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ ಅನ್ನಿಸಿ, “ಜಿನ್ನಪ್ಪಾ, ನಾ ಅವತ್ತ ಓಡಿ ಹೋಗಿದ್ದೆ” ಅಂದೆ. ಅವನು ನಕ್ಕ ನಗೆಗೆ ಬಸಿಯಲ್ಲಿದ್ದ ಚಹಾ ಚೆಲ್ಲಿತು.

“ಹುಚ್ಚ ಹಿಡದೈತೇನ್ಲೇ ನಿನಗ? ನಾ ಬಾಜೂಕ ಇದ್ದಿದ್ದಿಲ್ಲೇನು? ಹೊಗಿ ತೆಳ್ಳಗಾದಾಗ ಎರಡ ಸಲ ನಿನ್ನ ನೋಡೇನಿ. ನನ್ನ ಕಡೆ ಬಂದ ಬೆಂಕೀನೂ ನೀನ ಒತ್ತಿದಿ. ಇಲ್ಲಂದ್ರ ನಾ ಇವತ್ತ ಇಲ್ಲಿ ಚಹಾ ಕುಡೀತಿದ್ದಿಲ್ಲ.”

“ಮುಖ ನೋಡಿದೇನು?”

ಅವನ ನಗು ನಿಂತಿತು. ಬಸಿ ಕೆಳಗಿಟ್ಟ. “ಮುಖ ಇಲ್ಲಪಾ. ಬೆನ್ನ ನೋಡೇನಿ.” ಅಷ್ಟರಲ್ಲಿ ಗಾಡಿ ಬಂತು. ಹತ್ತಿದವನು ಕಿಟಕಿಯಿಂದ ಕೈ ಬೀಸುತ್ತ ಮತ್ತೆ ನಗುತ್ತಿದ್ದ. ಅವನು ಕಡೆಗೂ ನಂಬಲಿಲ್ಲ.

ಹೊಗೆ ತಲೆಗೇರಿ ನಾನು ಓಡಿದಂತೆ ಕನಸು ಕಂಡೆನೋ? ಹಾಗಂದುಕೊಂಡರೆ ಎಷ್ಟು ಹಗುರ! ಆದರೆ ಮೊಳಕಾಲಿನ ಮುಳ್ಳಿನ ಕಲೆ ಈಗಲೂ ಇದೆ, ಅಂಗಿಯ ಕಿಸೆಯಿಂದ ಆ ರಾತ್ರಿ ಉಸುಕು ಝಾಡಿಸಿದ್ದು ನೆನಪಿದೆ. ಇನ್ನೊಬ್ಬರು ನನ್ನ ದನಿಯಲ್ಲಿ ಕೂಗಿದರೋ? ಎಡಗೈಯಲ್ಲಿ ಬೂದಿ ಎಳೆದವರು ಯಾರು? ನನಗೆ ತಿಳಿಯದು. ತಿಳಿದವರಿದ್ದರೆ ಹೇಳಲಿ, ಸಿಟ್ಟು ಮಾಡದೆ ಕೇಳುತ್ತೇನೆ.

ಅದಾದ ಮೇಲೆ ನೌಕರಿ ಮುಗಿಯುವವರೆಗೆ ಪ್ರತಿ ಬೇಸಿಗೆ ಸಾಲಿನಲ್ಲಿ ನಿಂತಿದ್ದೇನೆ. ನಂಬರು ಮಾತ್ರ ಯಾವಾಗಲೂ ಒಂಬತ್ತನ್ನೇ ಕೇಳಿ ಪಡೆಯುತ್ತಿದ್ದೆ. ಸೀಟಿ ಊದಿ, ಎಂಟು ಬಂದು, ನನ್ನ ಸರದಿ ಆದಾಗ ಒಂದು ಗಳಿಗೆ ಬಾಯಿ ಮುಚ್ಚಿ ಕಿವಿಗೊಡುತ್ತಿದ್ದೆ. ಒಮ್ಮೆಯೂ ಯಾರೂ ಕೂಗಲಿಲ್ಲ. ಪ್ರತಿ ಸಲವೂ ನಾನೇ ಕೂಗಿದೆ.