ಕತ್ತಲ ಕೋಣೆಯಲ್ಲಿ ಎಣಿಸಿದ್ದು

ಶಿರಸಿ ಪೇಟೆಯಲ್ಲಿ ನಮ್ಮವರದೊಂದು ಫೋಟೊ ಸ್ಟುಡಿಯೊ ಇತ್ತು. ನಮ್ಮವರು ಅಂದರೆ ನನ್ನ ಗಂಡ. ಮುಂದುಗಡೆ ಒಂದು ಪರದೆ, ಒಂದು ಕುರ್ಚಿ. ಹಿಂದೆ ಫೋಟೊ ತೊಳೆಯುವ ಕತ್ತಲ ಕೋಣೆ. ಅರವತ್ತನೆಯ ಇಸವಿ ದಾಟಿ ಮೂರು ನಾಲ್ಕು ವರ್ಷ ಆಗಿದ್ದಿರಬೇಕು. ನಾನು ಬನವಾಸಿ ಕಡೆಯ ಒಕ್ಕಲುತನದ ಮನೆಯಿಂದ ಬಂದವಳು. ಎರಡನೇ ಇಯತ್ತೆಗೆ ಶಾಲೆ ಬಿಟ್ಟಿದ್ದೆ. ಗಡಿಯಾರ ನೋಡಲು ಬರುತ್ತಿರಲಿಲ್ಲ, ಎಣಿಸಲು ಬರುತ್ತಿತ್ತು. ಎಣಿಸಲು ಬರುತ್ತದೆಂದೇ ನನ್ನನ್ನು ಆ ಕೋಣೆಗೆ ಕರೆದದ್ದು.

ಕೆಲಸ ಇಷ್ಟೇ. ಎತ್ತರದ ಯಂತ್ರದೊಳಗೆ ಬಲ್ಬು ಹತ್ತಿಸಿದರೆ ಕೆಳಗಿನ ಕಾಗದದ ಮೇಲೆ ಬೆಳಕು ಬೀಳುತ್ತದೆ. ಇಂತಿಷ್ಟು ಎಣಿಸಿ ಆರಿಸಬೇಕು. ಕಡಿಮೆಯಾದರೆ ಮುಖ ಬಿಳಿಚಿಕೊಳ್ಳುತ್ತದೆ, ಹೆಚ್ಚಾದರೆ ಕಪ್ಪಾಗುತ್ತದೆ. ಅವರು ಎರಡೂ ಕೈಯನ್ನು ಬೆಳಕಿಗೆ ಅಡ್ಡ ಹಿಡಿದು ಅಲ್ಲಿ ಇಲ್ಲಿ ನೆರಳು ಕೊಡುವವರು. ಅದರ ನಡುವೆ ಎಣಿಕೆ ತಪ್ಪುತ್ತಿತ್ತು. ಹಾಗಾಗಿ ನಾನು ಎಣಿಸುವುದು, ಸ್ವಿಚ್ಚು ಒತ್ತುವುದು. ಮಧ್ಯಾಹ್ನ ಅಂಗಡಿ ಬಾಗಿಲು ಎಳೆದುಕೊಂಡು ಒಂದು ತಾಸು.

ಮನೆಯಲ್ಲಿ ಹದಿನಾಲ್ಕು ಜನ. ಹಗಲಲ್ಲಿ ಗಂಡನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಮೂರು ಜೋಡಿಗೆ ಒಂದೇ ಕೋಣೆ, ಸರದಿ ಮೇಲೆ. ಸರದಿ ಬಂದ ದಿನವೂ ಆಚೆ ಕೆಮ್ಮುವವರು ಇದ್ದೇ ಇರುತ್ತಿದ್ದರು. ಮಾತು ಅಂತ ಆದದ್ದು ಆ ಕತ್ತಲ ಕೋಣೆಯಲ್ಲೇ. ಕಾಗದ ನೀರಿನಲ್ಲಿ ಬಿದ್ದಿರುವಾಗ ಯಲ್ಲಾಪುರದ ಮದುವೆಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡರು, ಸಿದ್ದಾಪುರದ ಬಸ್ಸು ಎಲ್ಲಿ ಕೆಟ್ಟಿತು, ಎಲ್ಲ ಹೇಳುವವರು. ನಾನು ನಗುತ್ತಿದ್ದೆ. ಹೊರಗೆ ಹಾಗೆ ನಕ್ಕ ನೆನಪಿಲ್ಲ.

ದೊಡ್ಡ ನೆಗೆಣ್ಣಿಗೆ, ಅಂದರೆ ಭಾವನ ಹೆಂಡತಿಗೆ, ಇದು ಸೇರುತ್ತಿರಲಿಲ್ಲ.

“ಬಿಸಿಲ್ಯಾಗ ಕತ್ತಲ ಮಾಡ್ಕೊಂಡು ಕುಂದರತಾರವ್ವ ಇವ್ರು. ನಮಗೆಲ್ಲಿ ಬರಬೇಕು ಆ ಪುಣ್ಯ.”

“ಎಣಸಾಕ ಹೋಗ್ತಾಳ, ಎಣಿಸಿ ಬರ್ತಾಳ. ನಿನಗ ಇಪ್ಪತ್ತರ ಮ್ಯಾಲ ಬರತೈತೇನು?” ಎಂದು ಅತ್ತೆ ಅವಳ ಬಾಯಿ ಮುಚ್ಚಿಸುತ್ತಿದ್ದರು. ಎಣಿಸುವ ಕೆಲಸ ಇರುವತನಕ ಅತ್ತೆಯ ಒಪ್ಪಿಗೆ ಇತ್ತು.

ನಮ್ಮವರಿಗೆ ರೇಡಿಯೊ ಬಿಚ್ಚುವ ಹುಚ್ಚು. ಒಂದು ಸಲ ಹುಬ್ಬಳ್ಳಿಗೆ ಹೋದವರು ಸಣ್ಣ ಸಣ್ಣ ಸಾಮಾನು ಕಟ್ಟಿಸಿಕೊಂಡು ಬಂದರು. ಬಿಸ್ಕೀಟಿನ ಡಬ್ಬಿಯ ಮುಚ್ಚಳದಲ್ಲಿ ಹರವಿಕೊಂಡು ಬೆಸುಗೆ ಹಾಕಲು ಕೂತರು.

“ಏನ್ರಿ ಇದು?”

“ಎಣಸೂ ಯಂತ್ರ. ಇನ್ನ ನೀ ಈ ನಾತದಾಗ ಬಂದು ನಿಂದ್ರೂದು ಬ್ಯಾಡ.”

ನನಗೆ ಉಪಕಾರ ಮಾಡುತ್ತಿದ್ದೇನೆ ಅಂತಲೇ ಅವರು ತಿಳಿದಿದ್ದರು. ಫೋಟೊ ತೊಳೆಯುವ ಔಷಧದ ನಾತಕ್ಕೆ ನನಗೆ ತಲೆ ಸಿಡಿಯುತ್ತಿದ್ದುದೂ ಖರೆ.

ಅದರ ಹಿಕಮತ್ತು ನನಗೆ ಬಿಡಿಸಿ ಹೇಳಿದರು. “ಈ ಕಂಡೆನ್ಸರ್ ಅಂದ್ರ ಕೊಡ ಅಂತ ತಿಳಿ. ಈ ರೆಸಿಸ್ಟರ್ ಸಣ್ಣ ನಳ. ಶೆಲ್ಲಿನ ಕರೆಂಟು ನಳದಾಗ ತೊಟ್ಟು ತೊಟ್ಟು ಬಂದು ಕೊಡ ತುಂಬತೈತಿ. ತುಂಬಿದ ಕೂಡ್ಲೆ ಈ ಮೂರು ಕಾಲಿನ ಟ್ರಾನ್ಸಿಸ್ಟರಿಗೆ ಎಚ್ಚರಾಗತೈತಿ. ಅದು ಈ ರಿಲೇ ಅನ್ನೂ ಸ್ವಿಚ್ಚನ್ನ ಎಳಿತೈತಿ, ಬಲ್ಬು ಆರತೈತಿ.”

ಮೊದಲ ದಿನ ಸ್ವಿಚ್ಚು ಒತ್ತಿದರೆ ನಾಲ್ಕು ಎಣಿಸುವುದರೊಳಗೆ ಟಕ್ ಎಂದು ಆರಿತು. ಮತ್ತೆ ಒತ್ತಿದರೂ ಅಷ್ಟೇ. ಅವರು ರೇಡಿಯೊ ರಿಪೇರಿಯ ಪುಸ್ತಕ ತಿರುವಿದರು. ನಾನು ಕಾಗದ ತೊಳೆಯುತ್ತ ಸುಮ್ಮನೆ ಅಂದೆ, “ಕೊಡ ಸಣ್ಣದಾತು. ಬಾಜೂಕ ಇನ್ನೊಂದು ಕೊಡ ಇಡ್ರಿ, ನಳಾ ಇನ್ನಷ್ಟು ಸಣ್ಣ ಮಾಡ್ರಿ.”

ಕೆಂಪು ದೀಪದಲ್ಲಿ ನನ್ನ ಮುಖವನ್ನೇ ನೋಡಿದರು. “ಪುಸ್ತಕದಾವ ಇದನ್ನ ಎರಡು ಪುಟ ಬರದಾನ ನೋಡು,” ಎಂದು ನಕ್ಕರು. ಇನ್ನೊಂದು ಕಂಡೆನ್ಸರನ್ನು ಮಗ್ಗುಲಿಗೆ ಕೂಡಿಸಿದರು. ಹಳೆಯ ರೇಡಿಯೊದ ದನಿ ಹೆಚ್ಚು ಕಡಿಮೆ ಮಾಡುವ ಗುಂಡಿ ಕಿತ್ತು ಇದಕ್ಕೆ ಕೂಡಿಸಿದರು. ಅದನ್ನು ತಿರುವಿದರೆ ನಳ ದೊಡ್ಡದು ಸಣ್ಣದು ಆಗುತ್ತಿತ್ತು. ನನ್ನ ಬಾಯಿಂದಲೇ ನನ್ನ ಕೆಲಸ ಹೋಗುವ ದಾರಿ ಹೇಳಿಕೊಟ್ಟೆ. ಬುದ್ಧಿ ಇದ್ದಿದ್ದರೆ ಸುಮ್ಮನಿರಬೇಕಿತ್ತು.

ಕೈಗಡಿಯಾರ ನೋಡಿ ಸರಿಯಾಗಿ ಹತ್ತು ಸೆಕೆಂಡಿಗೆ ಆರುವ ಹಾಗೆ ಗುಂಡಿ ಕೂಡಿಸಿದರು. ಯಲ್ಲಾಪುರದ ಒಂದು ಮದುವೆಯ ಫೋಟೊ ಹಾಕಿದರು. ಮದುಮಗ ಹಿಟ್ಟು ಬಡಿದುಕೊಂಡವನ ಹಾಗೆ ಬಂದ, ಮದುಮಗಳಿಗೆ ಹುಬ್ಬೇ ಇಲ್ಲ. ಶೆಲ್ಲು ಬದಲಿಸಿದರು. ಟ್ರಾನ್ಸಿಸ್ಟರ್ ಬದಲಿಸಿದರು. ಬೆಸುಗೆ ಬಿಚ್ಚಿ ಮತ್ತೆ ಹಾಕಿದರು. ಮೂರು ದಿನ ಹೀಗೇ ಆಯಿತು.

ತಪ್ಪು ಎಲ್ಲಿದೆ ಎಂದು ನನಗೆ ಮೊದಲ ದಿನವೇ ತಿಳಿದಿತ್ತು. ಅವರು ಗಡಿಯಾರ ಹಿಡಿದು “ಒಂದು ಎರಡು ಮೂರು” ಎಂದು ಬಡಬಡ ಅಂದುಕೊಳ್ಳುವುದನ್ನು ಕೇಳಿದ್ದೆ. ನಾನು ಎಣಿಕೆ ಕಲಿತದ್ದು ಅಪ್ಪನ ಮನೆಯ ಕಣದಲ್ಲಿ, ಭತ್ತ ಅಳೆಯುವಾಗ. ಅಲ್ಲಿ ಒಂದು ಅನ್ನುವುದಿಲ್ಲ, ಲಾಭ ಅನ್ನಬೇಕು. ಲಾಭ, ಎರಡು, ಮೂರು. ಸೇರು ರಾಶಿಗೆ ಹೊಗಿಸಬೇಕು, ಕೈಯಿಂದ ಒರೆಸಬೇಕು, ಚೀಲಕ್ಕೆ ಸುರಿಯಬೇಕು, ಆಮೇಲೆ ಮುಂದಿನ ಎಣಿಕೆ. ಕತ್ತಲ ಕೋಣೆಯಲ್ಲೂ ನಾನು ಹಾಗೆಯೇ ಎಣಿಸುತ್ತಿದ್ದೆ. ನನ್ನ ಹತ್ತು ಆಗುವುದರೊಳಗೆ ಗಡಿಯಾರದ್ದು ಹದಿನೈದು ಆಗುತ್ತಿತ್ತು. ಅವರ ವಹಿಯಲ್ಲಿ ಇದಕ್ಕೆ ಹತ್ತು, ಅದಕ್ಕೆ ಎಂಟು ಎಂದು ಬರೆದದ್ದೆಲ್ಲ ನನ್ನ ಎಣಿಕೆ. ಅಳೆದು ನೋಡುವ ಕೆಲಸ ಅವರಿಗೆ ಬಿದ್ದಿರಲಿಲ್ಲ.

ಗೊತ್ತಿದ್ದೂ ಹೇಳಲಿಲ್ಲ. ಯಂತ್ರ ಕೆಡಲಿ ಅಂತಲೇ ಇದ್ದೆ. ಸುಳ್ಳೇಕೆ ಹೇಳಲಿ.

ನಾಲ್ಕನೆಯ ದಿನ ಕಾಗದದ ಡಬ್ಬಿ ತಳ ಕಂಡಿತು. ಮರುದಿನ ಯಲ್ಲಾಪುರದವರು ಬರುವವರಿದ್ದರು. ನಮ್ಮವರು ಯಂತ್ರದ ಮುಚ್ಚಳವನ್ನು ಆಚೆ ಸರಿಸಿ, “ಬಿಟ್ಟುಬಿಡ್ತೀನಿ. ನನ್ನ ತಲಿಗೆ ಇದು ಹತ್ತಂಗಿಲ್ಲ,” ಅಂದರು. ನನಗೆ ಬೇಕಾದದ್ದೂ ಅದೇ. ಆದರೆ ಆ ಮನುಷ್ಯ ತಾನು ದಡ್ಡ ಎಂದು ನಂಬಿಕೊಂಡು ಕೂತಿದ್ದನ್ನು ನೋಡಲಾಗಲಿಲ್ಲ. ಹೇಳಿಬಿಟ್ಟೆ.

“ಮೂರು ದಿವಸದಿಂದ ಗೊತ್ತಿತ್ತೇನು ನಿಂಗ?”

“ಗೊತ್ತಿತ್ತು.”

“ಮತ್ತ?”

“ಮತ್ತೇನ್ರಿ. ಅದು ನಡದ್ರ ನಾ ಇಲ್ಲಿ ಬರೂದು ನಿಲ್ಲತೈತಿ.”

ಬೆಸುಗೆಯ ಕಡ್ಡಿ ಕೈಯಲ್ಲೇ ಇತ್ತು. ರಾಳದ ಹೊಗೆ ನಮ್ಮಿಬ್ಬರ ನಡುವೆ ಏಳುತ್ತಿತ್ತು. “ಹುಚ್ಚಿ,” ಅಂದರು. ಆಮೇಲೆ ಮೆಲ್ಲಗೆ, “ಎಣಸು.”

ನಾನು ಎಣಿಸುತ್ತ ಹೋದೆ, ಅವರು ಗುಂಡಿ ತಿರುವುತ್ತ ಹೋದರು. ತಪ್ಪಾಗಿ ಎಣಿಸಬಹುದಿತ್ತು. ಎಣಿಸಲಿಲ್ಲ. ಆರನೆಯ ಸಲಕ್ಕೆ ನನ್ನ ಹತ್ತೂ ಅದರ ಟಕ್ಕೂ ಕೂಡಿ ಬಂದವು. ಎಲೆ ಅಡಿಕೆ ಚೀಲದಿಂದ ಸುಣ್ಣ ತೆಗೆದು ಗುಂಡಿಯ ಪಕ್ಕ ಬೊಟ್ಟಿಟ್ಟರು. ಆ ದಿನ ಮದುಮಗಳಿಗೆ ಹುಬ್ಬು ಬಂತು.

“ಸುಮ್ನ ಬಾ ಬೇಕಾದ್ರ. ಕೆಲಸ ಇರದಿದ್ರ ಬರಬಾರದೇನು?” ಅಂದರು. ಗಂಡಸರಿಗೆ ಹಾಗೆ ಅನ್ನಿಸುತ್ತದೆ. ನಾನು ಮನೆಯಲ್ಲಿ ಏನು ಹೇಳಿ ಹೊರಡಲಿ? ಅತ್ತೆ ಅಂದು ಸಂಜೆಯೇ, “ಯಂತ್ರ ಬಂತಲ್ಲ, ಇನ್ನ ರೊಟ್ಟಿ ಕಡೆ ನೋಡವ್ವಾ,” ಅಂದರು. ನೆಗೆಣ್ಣಿ ಹಿಟ್ಟಿನ ಬುಟ್ಟಿಯನ್ನು ನನ್ನ ಮುಂದೆ ತಳ್ಳಿದಳು.

ಮುಂದೆ ಬೇರೆ ಮನೆ ಮಾಡಿದೆವು, ಮಕ್ಕಳಾದವು, ಬೇಕಾದಷ್ಟು ಮಾತಾಡಿದೆವು. ಅಕ್ಕಿ, ಜ್ವರ, ಶಾಲೆಯ ಫೀಸು. ಆ ಮಾತು ಬೇರೆ. ಅವರು ಹೋಗಿ ಒಂಬತ್ತು ವರ್ಷವಾಯಿತು. ನನಗೆ ಬೇಕೆನ್ನಿಸುವುದು ಆ ಒಂದು ತಾಸು.

ಆ ಕಾಲದಲ್ಲೇ ಒಮ್ಮೆ ಸ್ಟುಡಿಯೊಗೆ ಹೋಗಿದ್ದೆ. ಯಂತ್ರ ಬಂದು ತಿಂಗಳಾಗಿತ್ತು. ಊಟ ಒಯ್ಯುವ ಆಳು ಬರಲಿಲ್ಲ ಅಂತ ಬುತ್ತಿ ನಾನೇ ಹೊತ್ತು ಹೋದೆ. ಕತ್ತಲ ಕೋಣೆಯ ಬಾಗಿಲು ಹಾಕಿತ್ತು. ಒಳಗೆ ಟಕ್ ಎಂದಿತು. ನೀರಿನ ಸಪ್ಪಳ. ಮತ್ತೆ ಟಕ್. ಬಾಗಿಲು ಬಡಿದರೆ ತೆರೆಯುತ್ತಿದ್ದರು, ಬೆಳಕು ಬಿದ್ದು ಕಾಗದ ಹಾಳಾಗುತ್ತಿತ್ತು. ಐದಾರು ಟಕ್ ಕೇಳುವತನಕ ನಿಂತೆ. ಬುತ್ತಿಯನ್ನು ಬಾಗಿಲಿಗೆ ಹಚ್ಚಿ ಇಟ್ಟು, ಅವರು ಎಡವದಂತೆ ಸ್ವಲ್ಪ ಸರಿಸಿ, ಮನೆಗೆ ಬಂದೆ.